ಎರಡು ನುಡಿಗಳ ಊರು ಕಾರ್ಕಳ

ಹಿರಿಯಡ್ಕದಲ್ಲಿ ಬಸ್ಸು ಹತ್ತಿದರೆ ಬೈಲೂರಿನ ಮಾರ್ಗವಾಗಿ ಒಂದು ಗಂಟೆಯೊಳಗೆ ಕಾರ್ಕಳವನ್ನು ಮುಟ್ಟಬಹುದು. ಇಷ್ಟು ಹತ್ತಿರದ ಊರಿಗೆ ಹೋಗಿಬಂದುದನ್ನು ಪ್ರವಾಸವೆಂದು ಹೇಳಿಕೊಳ್ಳುವುದುಂಟೇ ಎಂದು ಕೇಳುಗರಿಗೆ ಅನಿಸಬಹುದು. ಆದರೆ ನಾವು ನೋಡದೆ ಬಿಡುವುದು ಹೆಚ್ಚಾಗಿ ಹತ್ತಿರದ ಊರುಗಳನ್ನೇ.

ಆಲ್ಪ್ಸ್ ಪರ್ವತಗಳ ನಡುವೆ ಇಟಲಿಗೆ ಸೇರಿದ ಒಂದು ಹಳೆಯ ಪಟ್ಟಣವಿದೆ. ಇಟಾಲಿಯನ್ ನುಡಿಯವರು ಅದನ್ನು ಬೊಲ್ಜಾನೊ ಎಂದರೆ ಜರ್ಮನ್ ನುಡಿಯವರು ಬೋತ್ಸೆನ್ ಎನ್ನುತ್ತಾರೆ. ಬೀದಿಯ ಫಲಕಗಳಲ್ಲಿ ಎರಡೂ ನುಡಿಗಳು ಜೊತೆಯಾಗಿರುತ್ತವೆ. ಅದರ ವಿಷಯವನ್ನು ಓದಿದಾಗ ನನಗೆ ನೆನಪಾದುದು ಕಾರ್ಕಳ. ಇದೂ ಬೆಟ್ಟದ ಸೆರಗಿನ ಊರು. ಇದಕ್ಕೂ ಎರಡು ಹೆಸರು. ಬರಹದಲ್ಲಿ ಕಾರ್ಕಳ, ತುಳುವರ ಬಾಯಲ್ಲಿ ಕಾರ್ಲ. ಪೇಟೆಯಲ್ಲಿ ನಿಂತರೆ ಕೊಂಕಣಿಯೂ ಬ್ಯಾರಿಯೂ ಕಿವಿಗೆ ಬೀಳುತ್ತವೆ, ನಿಜ. ಆದರೂ ಊರಿನ ನೆನಪನ್ನು ಬಹುಮಟ್ಟಿಗೆ ಹೊತ್ತಿರುವವು ಕನ್ನಡ, ತುಳು ಎರಡೇ. ಬೊಲ್ಜಾನೊದಲ್ಲಿ ಎರಡೂ ನುಡಿಗಳು ಫಲಕದ ಮೇಲಿವೆ. ಇಲ್ಲಿ ಒಂದು ಕಲ್ಲಿನ ಮೇಲಿದೆ, ಇನ್ನೊಂದು ನಾಲಿಗೆಯ ಮೇಲಿದೆ.

ಕಳೆದ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದೆ. ಕಲ್ಲಿನ ಮೆಟ್ಟಿಲುಗಳನ್ನೇರಿ ಗೊಮ್ಮಟನ ಮುಂದೆ ನಿಂತೆವು. ಸುಮಾರು 42 ಅಡಿ ಎತ್ತರದ ಏಕಶಿಲಾ ಮೂರ್ತಿ. ಭೈರರಸ ವಂಶದ ವೀರಪಾಂಡ್ಯನು ತನ್ನ ಗುರು ಲಲಿತಕೀರ್ತಿಯ ಉಪದೇಶದಂತೆ 1432ರ ಫೆಬ್ರವರಿ 13ರಂದು ಇದನ್ನು ಪ್ರತಿಷ್ಠಾಪಿಸಿದನು. ಎದುರಿನ ಬ್ರಹ್ಮದೇವರ ಕಂಬವನ್ನು ನಿಲ್ಲಿಸಿದುದು 1436ರಲ್ಲಿ. ಸಮೀಪದ ದಿಬ್ಬದ ಮೇಲಿರುವ ಚತುರ್ಮುಖ ಬಸದಿ 1586ರದು. ಇಮ್ಮಡಿ ಭೈರರಸನು ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಯಾವ ಬಾಗಿಲಿನಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರ ದರ್ಶನ. ಇವೆಲ್ಲವೂ ನಮಗೆ ಇಷ್ಟು ನಿಖರವಾಗಿ ತಿಳಿದಿರುವುದು ಸಂಸ್ಕೃತ ಮತ್ತು ಕನ್ನಡ ಶಾಸನಗಳಿಂದ. ತುಳು ಮಾತನಾಡುವ ನಾಡಿನ ನಡುವೆ ಕಲ್ಲು ಕನ್ನಡದಲ್ಲಿ ಮಾತನಾಡುತ್ತದೆ.

ಇದು ಹೇಗಾಯಿತು? ಗುಡ್ಡದ ಮೇಲಿನಿಂದ ಮೂಡಣ ದಿಕ್ಕಿಗೆ ನೋಡಿದರೆ ಉತ್ತರದ ಒಂದು ಭಾಗ ಕಾಣುತ್ತದೆ. ಅಲ್ಲಿ ಘಟ್ಟಗಳ ನೀಲಿ ಸಾಲು. ಅದರಲ್ಲಿ 1894 ಮೀಟರ್ ಎತ್ತರದ ಕುದುರೆಮುಖ. ಬಜಗೋಳಿ, ಮಾಳಗಳನ್ನು ದಾಟಿದ ರಸ್ತೆ ಆ ಕಾಡಿನ ಮೂಲಕ ಭದ್ರೆಯ ದಂಡೆಯ ಕಳಸಕ್ಕೆ ಹೋಗುತ್ತದೆ. ಹೊಂಬುಜದ ಸಾಂತರರ ಕವಲೆನಿಸಿದ ಭೈರರಸರು ಘಟ್ಟದ ಮೇಲೆ ಕಳಸದಲ್ಲಿಯೂ ಕೆಳಗೆ ಕಾರ್ಕಳದಲ್ಲಿಯೂ ನೆಲೆ ಹೊಂದಿ ಆಳಿದವರು. ಅವರಿಗೆ ಬೆಟ್ಟ ಗೋಡೆಯಾಗಿರಲಿಲ್ಲ, ಏಣಿಯಾಗಿತ್ತು. ಹಾಗೆಂದು ಕನ್ನಡ ಅವರೊಡನೆಯೇ ಕೆಳಗಿಳಿಯಿತೆಂದು ತಿಳಿಯಬಾರದು. ಅವರಿಗಿಂತ ಎಷ್ಟೋ ಶತಮಾನಗಳ ಹಿಂದೆ ಆಳುಪರೂ ಕರಾವಳಿಯಲ್ಲಿ ಕನ್ನಡದಲ್ಲಿಯೇ ಶಾಸನಗಳನ್ನು ಹಾಕಿಸಿದ್ದರು. ಅರಮನೆಯ ಬರಹ ಕನ್ನಡ, ಗದ್ದೆಯ ಮಾತು ತುಳು ಎಂಬ ಏರ್ಪಾಡು ಬಹಳ ಹಳೆಯದು. ಅದೇ ಘಟ್ಟದ ಮಗ್ಗುಲಲ್ಲಿ ಹುಟ್ಟುವ ಸ್ವರ್ಣಾ ನದಿಯನ್ನು ನಮ್ಮ ಹಿರಿಯಡ್ಕದ ಬಳಿ ಬಜೆ ಅಣೆಕಟ್ಟಿನಲ್ಲಿ ತಡೆದು ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುತ್ತಾರೆ. ನೀರೂ ನುಡಿಯೂ ಆ ಬೆಟ್ಟಗಳ ನಂಟನ್ನು ಬಿಟ್ಟಿಲ್ಲ.

ಮೊಮ್ಮಗ ಅಲ್ಲಿದ್ದ ಫಲಕವನ್ನು ಪೂರ್ತಿಯಾಗಿ ಓದಿ ಕೇಳಿದ: "ಅಜ್ಜ, ಮಾಡಿಸಿದವರ ಹೆಸರಿದೆ. ಮಾಡಿದವರು ಯಾರು?"

ಶಾಸನದಲ್ಲಿ ಶಿಲ್ಪಿಯ ಹೆಸರಿಲ್ಲ. ಆದರೆ ತುಳು ಪಾಡ್ದನದಲ್ಲಿದೆ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರೂ, ಕೋಲದ ರಾತ್ರಿಯಲ್ಲಿ ತೆಂಬರೆ ಬಡಿದು ಹಾಡುವವರೂ ಉಳಿಸಿಕೊಂಡು ಬಂದ ಕಥೆ ಅದು. ಬೀರ ಕಲ್ಕುಡನೆಂಬ ಶಿಲ್ಪಿ ಗೊಮ್ಮಟನನ್ನು ಕಡೆದನು. ಇಂಥದು ಬೇರೆಲ್ಲಿಯೂ ಆಗಕೂಡದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನು. ಅವನು ಉಳಿದ ಕೈಯಿಂದಲೇ ವೇಣೂರಿನಲ್ಲಿ ಇನ್ನೊಬ್ಬ ಗೊಮ್ಮಟನನ್ನು ಮಾಡಿದನು. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಸೇಡು ತೀರಿಸಿದಳು. ಅಣ್ಣತಂಗಿಯರಿಬ್ಬರೂ ದೈವಗಳಾಗಿ ಇಂದಿಗೂ ತುಳುನಾಡಿನಲ್ಲಿ ಪೂಜೆಗೊಳ್ಳುತ್ತಾರೆ.

ಇದು ಚರಿತ್ರೆಯೇ? ವೇಣೂರಿನ ಗೊಮ್ಮಟ ಪ್ರತಿಷ್ಠೆಯಾದುದು 1604ರಲ್ಲಿ. ನಡುವೆ 172 ವರ್ಷಗಳಿವೆ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಕಾಲಗಣನೆಗೆ ನಾವು ಶಾಸನವನ್ನೇ ನಂಬಬೇಕು. ಆದರೆ ಕಡೆದ ಕೈಗೆ ಸಂದ ಪ್ರತಿಫಲವೇನು ಎಂಬ ಪ್ರಶ್ನೆಯನ್ನು ಶಾಸನ ಕೇಳುವುದಿಲ್ಲ, ಪಾಡ್ದನ ಕೇಳುತ್ತದೆ. ಕನ್ನಡವನ್ನು ಮಾತ್ರ ಬಲ್ಲವನಿಗೆ ಅರಸ ಸಿಕ್ಕಾನು, ಶಿಲ್ಪಿ ಸಿಕ್ಕಲಾರ. ತುಳುವನ್ನು ಮಾತ್ರ ಬಲ್ಲವನಿಗೆ ಶಿಲ್ಪಿ ಸಿಕ್ಕಾನು, ಇಸವಿ ಸಿಕ್ಕಲಾರದು. ಎರಡನ್ನೂ ಬಲ್ಲವನಿಗೆ ಮಾತ್ರ ಇಡಿಯ ಕಾರ್ಕಳ.

ಎರಡು ನುಡಿಗಳಲ್ಲಿ ಜಗಳವಿತ್ತೆಂದು ನಾನು ಹೇಳುತ್ತಿಲ್ಲ. 1886ರಲ್ಲಿ ಬಾಸೆಲ್ ಮಿಷನ್ನಿನ ಮ್ಯಾನರ್ ಅವರು ಪಾಡ್ದನಗಳನ್ನು ಅಚ್ಚು ಮಾಡಿಸಿದುದು ಕನ್ನಡ ಲಿಪಿಯಲ್ಲಿ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದುದೂ ಕನ್ನಡದ ನೆರವಿನಿಂದಲೇ. ಕಾರ್ಕಳದ ನೆರೆಯ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣ ಹಳಗನ್ನಡದ ಗದ್ಯಕ್ಕೆ ಹೊಸ ಜೀವ ತುಂಬಿದನು. ಇಲ್ಲಿ ಒಂದು ನುಡಿ ಇನ್ನೊಂದಕ್ಕೆ ಹೆಗಲು ಕೊಟ್ಟಿದೆ.

ತಪ್ಪು ನಮ್ಮ ಮನೆಗಳಲ್ಲಿ ನಡೆಯಿತು. ನಾನು ಕಲಿತ ಶಾಲೆಯಲ್ಲಿ ತುಳು ಮಾತನಾಡಿದ ಹುಡುಗ ಬೆಂಚಿನ ಮೇಲೆ ನಿಲ್ಲಬೇಕಾಗಿತ್ತು. ಅದನ್ನು ಅನುಭವಿಸಿದ ನಾನೇ ಮುಂದೆ, ಮಗನ ಓದಿಗೆ ತೊಡಕಾಗಬಾರದೆಂದು, ಅವನೊಡನೆ ತುಳು ಆಡಲಿಲ್ಲ. ಅವನು ತನ್ನ ಮಗನಿಗೆ ಕೊಡಲು ಅವನಲ್ಲಿ ತುಳುವೇ ಇರಲಿಲ್ಲ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನರು ತುಳುವನ್ನು ತಾಯಿನುಡಿಯೆಂದು ಬರೆಸಿದ್ದಾರೆ. ಆ ಲೆಕ್ಕದಲ್ಲಿ ನಾನಿದ್ದೇನೆ, ನನ್ನ ಮೊಮ್ಮಗನಿಲ್ಲ.

ಕಲ್ಕುಡನ ಕಥೆಯನ್ನು ಅವನಿಗೆ ನಾನು ಕನ್ನಡದಲ್ಲಿ ಹೇಳಬೇಕಾಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಅವನು, "ಮನೆಗೆ ತುಳುವಿನಲ್ಲಿ ಏನೆನ್ನುತ್ತಾರೆ ಅಜ್ಜ?" ಎಂದ.

"ಇಲ್ಲ್" ಎಂದೆ.

ಅದಕ್ಕೆ ಶಬ್ದವೇ ಇಲ್ಲವೆಂದು ತಿಳಿದು ಅವನು ಸುಮ್ಮನಾದ. ಹಾಗಲ್ಲ ಮಗು, ಇಲ್ಲ್ ಎಂದರೆ ಮನೆ; ಹಳಗನ್ನಡದಲ್ಲಿಯೂ ಇಲ್ ಎಂದರೆ ಮನೆಯೇ ಎಂದು ವಿವರಿಸಿದೆ. ಹಿರಿಯಡ್ಕ ಬರುವವರೆಗೆ ಅವನು ಆ ಶಬ್ದವನ್ನು ಮೆಲ್ಲನೆ ಹೇಳಿಕೊಳ್ಳುತ್ತಲೇ ಇದ್ದ. ಇಳಿದ ಮೇಲೆ ಇನ್ನೊಂದು ಶಬ್ದ ಕೇಳಿದ.