ಕಾಣೆಯಾದ ಅರ್ಧ ವೇಗ

ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 2002-03ರ ಹೊತ್ತಿಗೆ ‘ಆಸ್ಕಿ ಕ್ಯೂ’ ಎಂಬ ಸೂಪರ್ ಕಂಪ್ಯೂಟರ್ ಇತ್ತು. ಜಗತ್ತಿನ ಅತಿವೇಗದ ಯಂತ್ರಗಳ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ. ‘ನೋಡ್’ ಎಂದರೆ ಯಂತ್ರದೊಳಗಿನ ಒಂದು ಬಿಡಿ ಕಂಪ್ಯೂಟರ್. ಒಂದೊಂದು ನೋಡ್‌ನಲ್ಲಿ ನಾಲ್ಕು ಪ್ರೊಸೆಸರ್, ಅಂಥ 2048 ನೋಡ್‌ಗಳು. ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಿದ್ದ ದೇಶಕ್ಕೆ, ಸಿಡಿಸಿ ನೋಡುವ ಬದಲು ಲೆಕ್ಕ ಹಾಕಿ ತಿಳಿಯಲು ಬೇಕಾಗಿದ್ದ ಯಂತ್ರ ಅದು.

ಅದರ ಮೇಲೆ ಓಡುತ್ತಿದ್ದ ಮುಖ್ಯ ಪ್ರೋಗ್ರಾಂಗಳಲ್ಲಿ ‘ಸೇಜ್’ ಒಂದು. ಫಾಬ್ರಿಜಿಯೊ ಪೆಟ್ರಿನಿ, ಡ್ಯಾರೆನ್ ಕರ್ಬಿಸನ್ ಮತ್ತು ಸ್ಕಾಟ್ ಪಾಕಿನ್ ಎಂಬ ವಿಜ್ಞಾನಿಗಳ ಬಳಿ, ಅದು ಎಷ್ಟು ಪ್ರೊಸೆಸರ್‌ಗಳ ಮೇಲೆ ಎಷ್ಟು ಹೊತ್ತು ಹಿಡಿಯಬೇಕು ಎಂದು ಮೊದಲೇ ಹೇಳುವ ಗಣಿತದ ಮಾದರಿ ಇತ್ತು. 4096 ಪ್ರೊಸೆಸರ್‌ಗಳಲ್ಲಿ ಓಡಿಸಿದಾಗ ಸೇಜ್, ಮಾದರಿ ಹೇಳಿದ್ದರ ಎರಡು ಪಟ್ಟು ಸಮಯ ತೆಗೆದುಕೊಂಡಿತು. ಮಾದರಿ ಇಲ್ಲದಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ; ದೊಡ್ಡ ಯಂತ್ರದ ವೇಗ ಇಷ್ಟೇ ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಿದ್ದರು.

ಮೊದಲ ಸುಳಿವೇ ವಿಚಿತ್ರವಾಗಿತ್ತು. ಯಂತ್ರದ ಬಹುಭಾಗವನ್ನು ಬಳಸುವಾಗ ಪ್ರತಿ ನೋಡ್‌ನಲ್ಲಿ ನಾಲ್ಕರ ಬದಲು ಮೂರೇ ಪ್ರೊಸೆಸರ್ ದುಡಿಸಿದರೆ ಕೆಲಸ ಬೇಗ ಮುಗಿಯುತ್ತಿತ್ತು!

ಸಂಶಯ ಹೋದದ್ದು ಪ್ರೊಸೆಸರ್‌ಗಳ ನಡುವಿನ ಮಾತುಕತೆಯ ಮೇಲೆ. ಎಲ್ಲ ಪ್ರೊಸೆಸರ್‌ಗಳ ಉತ್ತರಗಳನ್ನು ಒಟ್ಟುಗೂಡಿಸುವ ಹಂತವನ್ನು ಏಳು ಪಟ್ಟು ಚುರುಕುಗೊಳಿಸಿದರು. ಸೇಜ್ ಹೆಚ್ಚೇನೂ ಬದಲಾಗಲಿಲ್ಲ. ಆಮೇಲೆ ಪ್ರತಿ ಪ್ರೊಸೆಸರ್‌ಗೂ ಸರಿಯಾಗಿ ಒಂದು ಮಿಲಿಸೆಕೆಂಡ್ ಹಿಡಿಯುವ ಲೆಕ್ಕವೊಂದನ್ನು ಹತ್ತು ಲಕ್ಷ ಬಾರಿ ಮಾಡಲು ಕೊಟ್ಟರು. 1000 ಸೆಕೆಂಡಿನಲ್ಲಿ ಮುಗಿಯಬೇಕಾದದ್ದು ಹೆಚ್ಚೆಂದರೆ ಶೇ 2.5ರಷ್ಟು ತಡವಾಯಿತು. ಅರ್ಧ ವೇಗ ಕಾಣೆಯಾಗಿರುವಾಗ ಇಷ್ಟು ಚಿಕ್ಕ ವಿಳಂಬವನ್ನು ಯಾರು ದೂರಿಯಾರು? ಆದರೂ ಅವರು ಬಿಡದೆ ಆ ಅಂಕಿಗಳನ್ನು ನೋಡ್‌ವಾರು ಬಿಡಿಸಿ ನೋಡಿದರು. ಈ ಇಡೀ ಕಥೆಯಲ್ಲಿ ಮೆಚ್ಚಬೇಕಾದ ಹಟ ಇದು. ಪ್ರತಿ 32 ನೋಡ್‌ಗಳ ಗುಂಪಿನಲ್ಲೂ ಅವೇ ಕೆಲವು ನೋಡ್‌ಗಳು ಹಿಂದೆ ಬೀಳುತ್ತಿದ್ದವು.

ಕಾರಣ, ಆಪರೇಟಿಂಗ್ ಸಿಸ್ಟಂನ ಮನೆಗೆಲಸ. ಯಂತ್ರದ ಆರೋಗ್ಯ ವಿಚಾರಿಸುವ, ಗುಂಪಿನ ಲೆಕ್ಕ ಇಡುವ ಸಣ್ಣ ಪ್ರೋಗ್ರಾಂಗಳು ಆಗಾಗ ಎದ್ದು ಪ್ರೊಸೆಸರನ್ನು ಕಸಿದುಕೊಳ್ಳುತ್ತಿದ್ದವು. ಒಂದು ನೋಡ್‌ಗೆ ಆಗುವ ನಷ್ಟ ಅತ್ಯಲ್ಪ. ಆದರೆ ಸೇಜ್ ನಡೆಯುವುದು ಪಂಕ್ತಿಯ ಊಟದ ಹಾಗೆ: ಕೊನೆಯವರ ಎಲೆ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಪ್ರತಿ ಹಂತದ ಕೊನೆಯಲ್ಲೂ ಎಲ್ಲರೂ ಎಲ್ಲರಿಗಾಗಿ ಕಾಯಬೇಕು. ಸಾವಿರ ನೋಡ್‌ಗಳಲ್ಲಿ ಒಂದೊಂದೂ ನೂರಕ್ಕೊಂದು ಸಲ ತಡಮಾಡಿದರೂ ಸಾಕು, ಹೆಚ್ಚುಕಡಿಮೆ ಪ್ರತಿ ಹಂತದಲ್ಲೂ ಯಾವುದೋ ಒಂದು ತಡವಾಗಿಯೇ ಇರುತ್ತದೆ. ನಾಲ್ಕನೆಯ ಪ್ರೊಸೆಸರನ್ನು ಬಿಡುವಾಗಿಟ್ಟರೆ ಲಾಭವಾಗುತ್ತಿದ್ದುದೂ ಇದಕ್ಕೇ. ಮನೆಗೆಲಸವನ್ನೆಲ್ಲ ಅದು ವಹಿಸಿಕೊಳ್ಳುತ್ತಿತ್ತು.

ಪರಿಹಾರಕ್ಕೆ ಹೊಸ ಬಿಡಿಭಾಗ ಒಂದೂ ಬೇಕಾಗಲಿಲ್ಲ. ಸುಮಾರು ಹತ್ತು ಹಿನ್ನೆಲೆ ಪ್ರೋಗ್ರಾಂಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಪ್ರಿಂಟರ್ ನೋಡಿಕೊಳ್ಳುವುದೂ ಒಂದು. 30 ಸೆಕೆಂಡಿಗೊಮ್ಮೆ ನಡೆಯುತ್ತಿದ್ದ ತಪಾಸಣೆ 60 ಸೆಕೆಂಡಿಗೊಮ್ಮೆ ಆಯಿತು. ಇನ್ನು ಕೆಲವನ್ನು ಪ್ರತಿ ಗುಂಪಿನ ಒಂದೇ ನೋಡ್‌ಗೆ ಸಾಗಹಾಕಿದರು. ಸೇಜ್‌ನ ವೇಗ ಎರಡು ಪಟ್ಟಾಯಿತು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧವನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ.

ಇಂದಿನ ಯಂತ್ರಗಳು ಈ ಕಾಟಕ್ಕೆ ಮೊದಲೇ ಜಾಗ ಮಾಡಿಕೊಟ್ಟಿವೆ. ಜಪಾನಿನ ‘ಫುಗಾಕು’ವಿನ ಚಿಪ್‌ನಲ್ಲಿ ಲೆಕ್ಕಕ್ಕೆ 48 ಕೋರ್‌ಗಳಿದ್ದರೆ (ಕೋರ್ ಎಂದರೆ ಚಿಪ್‌ನೊಳಗಿನ ಒಂದು ಪ್ರೊಸೆಸರ್), ಸಿಸ್ಟಂ ಕೆಲಸಕ್ಕೆಂದೇ ಎರಡೋ ನಾಲ್ಕೋ ಸಹಾಯಕ ಕೋರ್‌ಗಳಿವೆ. ಅಮೆರಿಕದ ‘ಫ್ರಾಂಟಿಯರ್’ ಸಾಮಾನ್ಯವಾಗಿ ಪ್ರತಿ ನೋಡ್‌ನ 64 ಕೋರ್‌ಗಳಲ್ಲಿ ಎಂಟನ್ನು ಇದಕ್ಕಾಗಿ ಎತ್ತಿಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಂಥ ಯಂತ್ರಗಳಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು 2003ರ ಆ ಪ್ರಬಂಧವನ್ನು ಒಮ್ಮೆ ಓದಬೇಕು. ಪ್ರೋಗ್ರಾಂ ನಿಧಾನವೆನಿಸಿದಾಗ ಇನ್ನಷ್ಟು ನೋಡ್ ಕೇಳುವ ಮುನ್ನ, ಅದು ಎಷ್ಟು ಹೊತ್ತು ಹಿಡಿಯಬೇಕಿತ್ತು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು.