ಅರ್ಧ ಬೇಲಿ ನೆಲದೊಳಗೆ

ಪ್ರತಿ ವರ್ಷ ಜ್ಯೇಷ್ಠ ಮಾಸದಲ್ಲಿ ಸಂತ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ) ಆಳಂದಿಯಿಂದ ಹೊರಟು ಪುಣೆ ದಾಟಿ, ದಿವೆ ಘಾಟ್ ಏರಿ ಸಾಸವಡದಲ್ಲಿ ತಂಗುತ್ತದೆ. ಅದರ ಜೊತೆ ನಡೆಯುವ ಎರಡು ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯವು. ಅಲ್ಲಿನ ಶಿತೋಳೆ ಮನೆತನದ ಈ ಕುದುರೆಗಳು ಕೃಷ್ಣಾತೀರದಿಂದ ಆಳಂದಿಯವರೆಗೆ ಸುಮಾರು 300 ಕಿ.ಮೀ. ನಡೆದೇ ಬರುತ್ತವೆ. ಒಂದರ ಮೇಲೆ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಖಾಲಿ. ಅದು ಮಾವುಲಿಗೆ, ಅಂದರೆ ಜ್ಞಾನೇಶ್ವರರಿಗೆ, ಮೀಸಲು. ದಾರಿಯಲ್ಲಿ ನಡೆಯುವ ರಿಂಗಣ ಎಂಬ ಓಟದ ಆಚರಣೆಯಲ್ಲಿ ಅವು ಓಡುವುದನ್ನು ಕಂಡವರಿಗೆ ಕುದುರೆಯ ಸ್ವಭಾವ ತಿಳಿಯುತ್ತದೆ. ಓಟವೇ ಅದರ ಬಲ, ಓಟವೇ ಅದರ ರಕ್ಷಣೆ.

ಇಂಥ ಪ್ರಾಣಿಗೆ ಬೇಲಿ ಹಾಕುವುದು ದನಕ್ಕೆ ಹಾಕಿದಂತಲ್ಲ. ಪುಣೆ ಜಿಲ್ಲೆಯ ಬಯಲುಗಳಲ್ಲಿ ಧನಗರ ಕುರಿಗಾಹಿಗಳ ಬಿಡಾರ ಹೊರುವ ಭೀಮಥಡಿ ತಟ್ಟುಗಳಿಗೂ ಇದೇ ಮಾತು. ದನ ಮುಳ್ಳುತಂತಿಗೆ ತಾಗಿದರೆ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಬೆದರಿದ ಕುದುರೆ ಮಾತ್ರ ಮುಂದಕ್ಕೇ ನುಗ್ಗುತ್ತದೆ. ಕಾಲು ಸಿಕ್ಕಿಕೊಂಡರೆ ಒದ್ದಾಡಿ ಚರ್ಮ, ಸ್ನಾಯು, ನರ ಹರಿದುಕೊಳ್ಳುತ್ತದೆ. ಆದ್ದರಿಂದ ಕುದುರೆಯಿರುವ ಜಾಗದಲ್ಲಿ ಮುಳ್ಳುತಂತಿ ಬೇಡವೇ ಬೇಡ. ಮುಳ್ಳುತಂತಿಗೆ ಕರೆಂಟು ಕೊಡುವುದಂತೂ ಇನ್ನೂ ಕ್ರೂರ.

ಕರೆಂಟು ಬೇಲಿಯ ಒಂದು ಹೆಸರಾಂತ ಕಥೆ ಶುರುವಾದದ್ದೂ ಕುದುರೆಯಿಂದಲೇ. 1930ರ ದಶಕದಲ್ಲಿ ನ್ಯೂಜಿಲೆಂಡಿನ ರೈತ ಬಿಲ್ ಗ್ಯಾಲಹರ್ ಅವರ ಕುದುರೆ ಜೋ, ಮೈ ತುರಿಸಿದಾಗಲೆಲ್ಲ ಅವರ ಕಾರಿಗೆ ಬಂದು ಉಜ್ಜುತ್ತಿತ್ತು. ಉಜ್ಜಿದಾಗ ಸಣ್ಣ ಶಾಕ್ ಹೊಡೆಯುವಂತೆ ಅವರು ಕಾರಿಗೊಂದು ಸರ್ಕ್ಯೂಟ್ ಜೋಡಿಸಿದರು. ಜೋ ಕಾರಿನ ಸಹವಾಸ ಬಿಟ್ಟಿತು. ಅದೇ ಉಪಾಯ ಬೇಲಿಯಾಗಿ ಬೆಳೆಯಿತು.

ಇಂದು ರೈತರು ಝಟಕಾ ಮಷೀನ್ ಎನ್ನುವ ಪೆಟ್ಟಿಗೆಯಲ್ಲಿ ಒಂದು ಕೆಪಾಸಿಟರ್ ಇರುತ್ತದೆ. ಸೋಲಾರ್ ಫಲಕ ಚಾರ್ಜು ಮಾಡಿದ ಬ್ಯಾಟರಿಯಿಂದ ಅದು ವಿದ್ಯುತ್ತನ್ನು ತುಂಬಿಕೊಂಡು, ಸೆಕೆಂಡಿಗೊಮ್ಮೆ ಟ್ರಾನ್ಸ್‌ಫಾರ್ಮರ್ ಮೂಲಕ ಒಮ್ಮೆಲೇ ಸುರಿಯುತ್ತದೆ. ಒತ್ತಡ ಸಾವಿರಾರು ವೋಲ್ಟ್, ಆದರೆ ಅವಧಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ನಾಲ್ಕೈದು ಎಕರೆ ಮೇವಿನ ಜಾಗಕ್ಕೆ ಒಂದು ಜೂಲ್ ಶಕ್ತಿಯ ಪೆಟ್ಟಿಗೆ ಸಾಮಾನ್ಯವಾಗಿ ಸಾಕು. ಒಂದು ಜೂಲ್ ಎಂದರೆ ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತುವಷ್ಟು ಶಕ್ತಿ. ಪೆಟ್ಟು ಚುರುಕಾಗಿ ನೋಯುತ್ತದೆ, ಗಾಯ ಮಾಡುವುದಿಲ್ಲ. ಎರಡು ಪೆಟ್ಟುಗಳ ನಡುವಿನ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯಬಲ್ಲದು.

ಮನೆಯ 230 ವೋಲ್ಟಿನ ಕರೆಂಟು ಹಾಗಲ್ಲ. ಅದು ಬಿಡುವಿಲ್ಲದೆ ಹರಿದು ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಹೃದಯದ ಲಯ ಕೆಡಿಸಿ ಕೊಲ್ಲುತ್ತದೆ. ಕರ್ನಾಟಕದಲ್ಲಿ ಆನೆಗಳೂ ಮನುಷ್ಯರೂ ಸತ್ತಿರುವುದು ಇಂಥ ನೇರ ಸಂಪರ್ಕದ ಬೇಲಿಗಳಿಂದ. ಹಾಗೆ ಕರೆಂಟು ಕೊಡುವುದು ಅಪರಾಧ. ಪ್ರಮಾಣಿತ ಪೆಟ್ಟಿಗೆಯಿಲ್ಲದೆ ಬೇಲಿಗೆ ಎಂದೂ ಕರೆಂಟು ಕೊಡಬಾರದು.

ಇನ್ನು ತಂತಿಯ ಆಯ್ಕೆ. ಕುದುರೆ ತಲೆ ತಿರುಗಿಸದೆಯೇ ತನ್ನ ಸುತ್ತಲಿನ ಹೆಚ್ಚುಕಡಿಮೆ ಎಲ್ಲವನ್ನೂ ನೋಡುತ್ತದೆ, ಆದರೆ ತೆಳ್ಳನೆಯ ತಂತಿ ಅದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಕೆಂಪು, ಹಸಿರುಗಳ ಭೇದವೂ ತಿಳಿಯದು. ಆದ್ದರಿಂದ ಸಣ್ಣ ಉಕ್ಕಿನ ಎಳೆಗಳನ್ನು ನೇಯ್ದ, 40 ಮಿ.ಮೀ. ಅಗಲದ ಬಿಳಿ ಪಟ್ಟಿ ಅಥವಾ ದಪ್ಪ ಹಗ್ಗ ಒಳ್ಳೆಯದು. ಬೇಸಿಗೆಯ ಒಣಹುಲ್ಲಿನ ಎದುರು ಬಿಳಿ ಮಂಕಾದೀತು. ಅಂಚಿನಲ್ಲಿ ಕಡುನೀಲಿ ಗೆರೆಯಿದ್ದರೆ ಎದ್ದು ಕಾಣುತ್ತದೆ. ಗಾಳಿಗೆ ಪಟ್ಟಿ ಪಟಪಟಿಸದಂತೆ ಕಂಬಗಳ ನಡುವೆ ಒಂದೆರಡು ಸುತ್ತು ತಿರುಚಬೇಕು. ಮೇಲಿನ ಸಾಲು ಕುದುರೆಗೆ 1.2ರಿಂದ 1.4 ಮೀಟರ್ ಎತ್ತರದಲ್ಲಿರಲಿ. ತಟ್ಟುವಿಗೆ ಇನ್ನೂ ತಗ್ಗಿರಬಹುದು, ಆದರೆ ಅದು ಕೆಳಗೆ ನುಸುಳುವುದರಲ್ಲಿ ಜಾಣ. ಆದ್ದರಿಂದ ಎರಡು ಸಾಲುಗಳ ಕೆಳಗೆ ಮೂರನೆಯ ಸಾಲು ಬೇಕೇ ಬೇಕು. ತಟ್ಟುವಿನ ದಟ್ಟ ಕೂದಲೂ ಕೇಸರವೂ ಕರೆಂಟನ್ನು ತಡೆಯುವುದರಿಂದ ಬೇಲಿಯ ತುದಿಯಲ್ಲೂ ಒತ್ತಡ 3,000 ವೋಲ್ಟಿಗಿಂತ ಕಡಿಮೆಯಾಗಬಾರದು.

ಇಷ್ಟೆಲ್ಲ ಮಾಡಿದರೂ ಸಾಸವಡದಂಥ ಕಡೆ ಬೇಲಿ ಸೋಲುವುದು ಕಣ್ಣಿಗೆ ಕಾಣದ ಜಾಗದಲ್ಲಿ. ಪಟ್ಟಿಯಿಂದ ಕುದುರೆಯ ಮೈಗೆ ಬಂದ ವಿದ್ಯುತ್ತು ಗೊರಸಿನ ಮೂಲಕ ನೆಲಕ್ಕಿಳಿದು, ನೆಲದೊಳಗೇ ಹರಿದು, ಅರ್ಥಿಂಗ್ ರಾಡಿನ ಮೂಲಕ ಪೆಟ್ಟಿಗೆಗೆ ಮರಳಿದರಷ್ಟೇ ಪೆಟ್ಟು. ಮಣ್ಣಿನಲ್ಲಿ ವಿದ್ಯುತ್ತನ್ನು ಒಯ್ಯುವುದು ತೇವ ಮತ್ತು ಅದರಲ್ಲಿ ಕರಗಿದ ಲವಣ. ಸಾಸವಡ ಮಳೆನೆರಳಿನ ಪ್ರದೇಶದಲ್ಲಿದೆ. ಕಪ್ಪು ಬಸಾಲ್ಟ್ ಬಂಡೆಯ ಮೇಲೆ ತೆಳುವಾದ ಗರಸು ಮಣ್ಣು. ಏಪ್ರಿಲ್‌ನಲ್ಲಿ ಅದು ಹೆಚ್ಚುಕಡಿಮೆ ಇನ್ಸುಲೇಟರೇ ಆಗಿಬಿಡುತ್ತದೆ. ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಿದ್ದರೂ ಕುದುರೆಗೆ ಏನೂ ತಾಗುವುದಿಲ್ಲ.

ಇದಕ್ಕೆ ದಾರಿಗಳಿವೆ. ಒಂದೂವರೆ ಎರಡು ಮೀಟರ್ ಉದ್ದದ ಕನಿಷ್ಠ ಮೂರು ಸತು ಲೇಪಿಸಿದ ರಾಡುಗಳನ್ನು, ಮೂರು ಮೀಟರ್ ಅಂತರದಲ್ಲಿ, ಬಾವಿಯ ಅಥವಾ ಕಾಲುವೆಯ ಪಕ್ಕದ ತೇವದ ನೆಲಕ್ಕೆ ಹೊಡೆಯಬೇಕು. ಮನೆಯ ಅರ್ಥಿಂಗಿನಿಂದ ಅವು ಹತ್ತು ಮೀಟರಾದರೂ ದೂರವಿರಲಿ. ಆಮೇಲೆ ಬೇಲಿಯ ದೂರದ ಭಾಗವನ್ನು ಕಬ್ಬಿಣದ ಸಲಾಕೆಗಳಿಂದ ನೆಲಕ್ಕೆ ತಾಗಿಸಿ, ಒತ್ತಡ 2,000 ವೋಲ್ಟಿಗೆ ಇಳಿದಾಗ ರಾಡಿನ ಮೇಲೆ ಅಳೆಯಿರಿ. 300 ವೋಲ್ಟಿಗಿಂತ ಹೆಚ್ಚು ತೋರಿದರೆ ಇನ್ನೊಂದು ರಾಡು ಬೇಕು. ಎಷ್ಟು ಮಾಡಿದರೂ ನೆಲ ಒಣಗಿಯೇ ಇದ್ದರೆ, ಒಂದು ಸಾಲಿಗೆ ಕರೆಂಟು, ಮುಂದಿನ ಸಾಲಿಗೆ ಅರ್ಥಿಂಗ್ ಕೊಡಬಹುದು. ಎರಡನ್ನೂ ಒಟ್ಟಿಗೆ ಮುಟ್ಟಿದ ಕುದುರೆಗೆ ನೆಲದ ನೆರವಿಲ್ಲದೆಯೇ ಪೆಟ್ಟು ತಾಗುತ್ತದೆ.

ಕೊನೆಯ ಕೆಲಸ ಪಾಠ. ಹೊಸ ಬೇಲಿಯೊಳಕ್ಕೆ ಕುದುರೆಯನ್ನು ಕತ್ತಲಲ್ಲಿ ಬಿಡಬೇಡಿ. ಹಗಲಲ್ಲಿ ಹಗ್ಗ ಹಿಡಿದು ಸುತ್ತಲೂ ನಡೆಸಿ, ಅದರ ಎಲ್ಲೆಯನ್ನು ತೋರಿಸಿ. ಕುತೂಹಲದಿಂದ ಅದು ಮೂತಿ ಚಾಚಿ ಮುಟ್ಟುತ್ತದೆ, ಒಮ್ಮೆ ಹಿಂದೆ ಜಿಗಿಯುತ್ತದೆ. ಕುದುರೆಯ ನೆನಪು ಗಟ್ಟಿ. ಆಮೇಲೆ ಅದನ್ನು ಕಾಯುವುದು ವೋಲ್ಟಿಗಿಂತ ಆ ನೆನಪೇ. ಆ ನೆನಪು ಸುಳ್ಳಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಹೊಣೆ. ದಿನಕ್ಕೊಮ್ಮೆ ಟೆಸ್ಟರ್ ಹಿಡಿದು ಬೇಲಿಯ ತುದಿಯವರೆಗೆ ನಡೆಯಿರಿ, ಪಟ್ಟಿಗೆ ತಾಗಿದ ಹುಲ್ಲು ಕೊಯ್ಯಿರಿ. ಬೇಸಿಗೆಯಲ್ಲಿ ಕುದುರೆಗೆ ನೀರಿಟ್ಟು ಬರುವಾಗ ಅರ್ಥಿಂಗ್ ರಾಡುಗಳ ಬುಡಕ್ಕೂ ಒಂದೊಂದು ಕೊಡ ಸುರಿಯಿರಿ.