ಹವಾಮಾನ ನೀತಿ: ಪ್ರೌಢಶಾಲೆಯಿಂದ ಬರಬೇಕಾದ ಲೆಕ್ಕಪತ್ರ

ಹವಾಮಾನ ಬದಲಾವಣೆಯು ದೂರದ ದೇಶಗಳ ಸಮ್ಮೇಳನಗಳಿಗೆ ಸೇರಿದ ವಿಷಯವೆಂಬ ಭಾವನೆ ವರ್ತಕ ವಲಯದಲ್ಲಿ ಬಹುಕಾಲ ಬೇರೂರಿತ್ತು. ಕಾವೇರಿ ತೀರದ ಚುಂಚನಕಟ್ಟೆ ಹಾಗೂ ಅದರ ಆಸುಪಾಸಿನ ತಾಲ್ಲೂಕುಗಳ ಇತ್ತೀಚಿನ ಅನುಭವ ಈ ಭಾವನೆಯನ್ನು ಅಲುಗಿಸಿದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮಹಾಮಳೆಯಿಂದ ನದಿಗಳು ಉಕ್ಕಿ ಹರಿದವು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಭತ್ತದ ಕಣಜವೆನಿಸಿದ ಕೃಷ್ಣರಾಜನಗರ ಸೀಮೆಯಲ್ಲಾಗಲಿ, ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಾಗಲಿ ಅಂಗಡಿ ಮತ್ತು ಗಿರಣಿಗಳ ವಹಿವಾಟು ರೈತನ ಫಸಲನ್ನೇ ನೆಚ್ಚಿದೆ. ಫಸಲು ಕೈತಪ್ಪಿದ ವರ್ಷ ವರ್ತಕನ ಉದ್ರಿ ಖಾತೆ ಬೆಳೆಯುತ್ತದೆ, ವಸೂಲಿ ನಿಲ್ಲುತ್ತದೆ.

ಪ್ರಕೃತಿಯ ಹೊಡೆತಕ್ಕೆ ನೀತಿಯ ಮೂಲಕ ಉತ್ತರ ಕೊಡುವುದು ಈ ಸೀಮೆಗೆ ಹೊಸದಲ್ಲ. 1924ರ ಕಾವೇರಿ ಪ್ರವಾಹದಲ್ಲಿ ಎಡತೊರೆ ಪಟ್ಟಣ ಹಾನಿಗೊಳಗಾದಾಗ ಹೊಸ ಜಾಗದಲ್ಲಿ ಊರನ್ನು ಯೋಜಿಸಿ ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಇಡಲಾಯಿತು. ಅದೇ ಇಂದಿನ ಕೃಷ್ಣರಾಜನಗರ. ಅಂದಿನ ನಿರ್ಧಾರ ಆಳುವವರದಾಗಿತ್ತು. ಮುಂದಿನ ನಿರ್ಧಾರಗಳ ಫಲವನ್ನು ಅನುಭವಿಸುವವರು ಇಂದು 8ರಿಂದ 10ನೇ ತರಗತಿಯಲ್ಲಿ ಓದುತ್ತಿರುವವರು. ಆ ನಿರ್ಧಾರಗಳಲ್ಲಿ ಅವರಿಗೆ ಸ್ಥಾನವಿದೆಯೇ ಎಂಬುದು ವಿಚಾರಾರ್ಹ.

ಪಠ್ಯವಿದೆ, ಪಾತ್ರವಿಲ್ಲ

ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ನಿರ್ದೇಶಿಸಿ, 2003ರಲ್ಲಿ ಅದರ ಪಾಲನೆಗೆ ಮತ್ತೆ ಆದೇಶಿಸಿತು. ಕೇಂದ್ರ ಪರಿಸರ ಸಚಿವಾಲಯವು 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು ಆರಂಭಿಸಿತು. ರಾಷ್ಟ್ರೀಯ ಹವಾಮಾನ ಕ್ರಿಯಾಯೋಜನೆ 2008ರ ಜೂನ್ 30ರಂದು ಪ್ರಕಟವಾಯಿತು. ಅದರ ಬೆನ್ನಿಗೆ ಕರ್ನಾಟಕವೂ ತನ್ನ ಕ್ರಿಯಾಯೋಜನೆಯನ್ನು ರೂಪಿಸಿತು. ಆದರೂ ಬಹುತೇಕ ವಿದ್ಯಾರ್ಥಿಗಳ ಪಾಲಿಗೆ ಹವಾಮಾನ ವಿಷಯವು ಜೂನ್ 5ರಂದು ಸಸಿ ನೆಡುವುದಕ್ಕೆ, ಪರೀಕ್ಷೆಯಲ್ಲಿ ಎರಡು ಅಂಕದ ಉತ್ತರ ಬರೆಯುವುದಕ್ಕೆ ಸೀಮಿತವಾಗಿದೆ.

ವಾಸ್ತವವಾಗಿ ನೀತಿ ನಿರೂಪಣೆಯ ಬಾಗಿಲು ಕರ್ನಾಟಕದಲ್ಲಿ ಆಗಲೇ ತೆರೆದಿದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ಮಕ್ಕಳ ಪಂಚಾಯಿತಿಯ ಪ್ರಯೋಗ ನಡೆಯಿತು. 2006ರಲ್ಲಿ ರಾಜ್ಯ ಸರ್ಕಾರವು ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಇಲ್ಲಿ ಶೌಚಾಲಯ, ಆಟದ ಮೈದಾನ, ಬಸ್ಸು ಮುಂತಾದ ಬೇಡಿಕೆಗಳು ಮಂಡನೆಯಾಗುತ್ತವೆ. ಹವಾಮಾನದ ವಿಷಯ ಬಂದರೂ ಅದು ಭಾಷಣದ ರೂಪದಲ್ಲಿರುತ್ತದೆ. ಭಾಷಣಕ್ಕೆ ಪಂಚಾಯಿತಿ ಚಪ್ಪಾಳೆ ತಟ್ಟಬಹುದು. ಅಂಕಿಗಳಿಗೆ ಮಾತ್ರ ಉತ್ತರ ಕೊಡಲೇಬೇಕಾಗುತ್ತದೆ.

ಲೆಕ್ಕದಿಂದ ನೀತಿಗೆ

ಒಂದು ಗ್ರಾಮದ ಹವಾಮಾನ ಲೆಕ್ಕಪತ್ರವನ್ನು ಸಿದ್ಧಪಡಿಸಲು ಪ್ರೌಢಶಾಲೆಯ ಗಣಿತ ಸಾಕು. ಹೊಗೆಸೊಪ್ಪಿನ ಬ್ಯಾರನ್‌ಗಳನ್ನೇ ತೆಗೆದುಕೊಳ್ಳೋಣ. ಒಂದು ಕಿಲೋ ಎಲೆಯನ್ನು ಹದಗೊಳಿಸಲು ಸುಮಾರು 4ರಿಂದ 5 ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಅಂದಾಜು. 1,500 ಕಿಲೋ ಎಲೆ ಹದಗೊಳಿಸುವ ಬ್ಯಾರನ್ ಒಂದು ಹಂಗಾಮಿಗೆ 6ರಿಂದ 7.5 ಟನ್ ಸೌದೆಯನ್ನು ಸುಡುತ್ತದೆ. ಊರಿನಲ್ಲಿ ಅಂತಹ 40 ಬ್ಯಾರನ್‌ಗಳಿದ್ದರೆ ಸೌದೆಯ ಮೊತ್ತ 240ರಿಂದ 300 ಟನ್. ಸುಧಾರಿತ ಒಲೆ, ಬಿಸಿಗಾಳಿ ಸೋರದ ಗೋಡೆ ಮತ್ತು ಬಾಗಿಲುಗಳಿಂದ ಐದನೇ ಒಂದು ಭಾಗ ಉಳಿದರೂ ಕನಿಷ್ಠ 48 ಟನ್ ಉಳಿತಾಯ. ಅದರ ಬೆಲೆಯೆಷ್ಟೆಂಬುದನ್ನು ಸೌದೆ ಕೊಳ್ಳುವ ರೈತನೇ ಹೇಳಬಲ್ಲ.

ಇದೇ ರೀತಿ ಶಾಲೆಯ ಅಂಗಳದ ಮಳೆಮಾಪಕದ ದಿನವಹಿ, ನಾಲೆಗೆ ನೀರು ಬಿಟ್ಟ ಹಾಗೂ ನಿಂತ ದಿನಾಂಕಗಳು, ಪಂಪ್‌ಸೆಟ್‌ಗಳ ಡೀಸೆಲ್ ಬಳಕೆ, ಸಂತೆಯ ದಿನ ಸೇರುವ ಪ್ಲಾಸ್ಟಿಕ್‌ನ ತೂಕ ಇವೆಲ್ಲವನ್ನೂ ದಾಖಲಿಸಬಹುದು. ಮೂರು ವರ್ಷಗಳ ದಾಖಲೆ ಸೇರಿದರೆ ಅದು ಗ್ರಾಮ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೆ ಭದ್ರ ಆಧಾರವಾಗುತ್ತದೆ.

ಹೆಗ್ಗಡದೇವನಕೋಟೆಯ ಗಡಿಯಾಚೆ, ಕೇರಳದ ವಯನಾಡು ಜಿಲ್ಲೆಯ ಮೀನಂಗಾಡಿ ಗ್ರಾಮ ಪಂಚಾಯಿತಿಯು 2016ರಲ್ಲಿ ಇಂಗಾಲ ಸಮತೋಲನದ ಗುರಿಯನ್ನು ಹಮ್ಮಿಕೊಂಡಿತು. ಅಲ್ಲಿಯೂ ಮೊದಲ ಹೆಜ್ಜೆ ಹೊರಸೂಸುವಿಕೆಯ ಲೆಕ್ಕ ತೆಗೆಯುವುದೇ ಆಗಿತ್ತು. ಆ ಬಳಿಕ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ರೈತರಿಗೆ ಬಡ್ಡಿರಹಿತ ಸಾಲ ನೀಡುವ ಯೋಜನೆ ಬಂದಿತು. ಲೆಕ್ಕ ಸರಿಯಾಗಿದ್ದಲ್ಲಿ ಹಣಕಾಸಿನ ಏರ್ಪಾಡು ಹಿಂಬಾಲಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಒಂದು ಎಚ್ಚರಿಕೆ

ಈ ಕಾರ್ಯದಲ್ಲಿ ಸೂಕ್ಷ್ಮವೂ ಇದೆ. ಸೌದೆ ಎಣಿಸುವ ವಿದ್ಯಾರ್ಥಿನಿಯ ತಂದೆಯೇ ಬ್ಯಾರನ್‌ನ ಒಡೆಯನಾಗಿರಬಹುದು. ಅವಳ ಶಾಲೆಯ ಶುಲ್ಕ, ಸಮವಸ್ತ್ರಗಳಿಗೆ ಹರಾಜಿನ ಹಣವೇ ಮೂಲವಾಗಿರಬಹುದು. ಲೆಕ್ಕಪತ್ರವು ದೋಷಾರೋಪಣೆಯ ಪಟ್ಟಿಯಾದರೆ ಮನೆಯಲ್ಲಿ ಜಗಳ, ಊರಿನಲ್ಲಿ ಮುನಿಸು ಖಚಿತ. ಆದ್ದರಿಂದ ಮನೆಗಳ ಹೆಸರು ಬರೆಯದೆ ಊರಿನ ಒಟ್ಟು ಮೊತ್ತವನ್ನಷ್ಟೇ ಸಭೆಯಲ್ಲಿ ಮಂಡಿಸುವುದು ವಿವೇಕ. ಅಂತೆಯೇ ವರ್ತಕರ ಪ್ಲಾಸ್ಟಿಕ್, ಗಿರಣಿಯ ಜನರೇಟರ್‌ಗಳೂ ಲೆಕ್ಕದಿಂದ ಹೊರಗುಳಿಯಬಾರದು. ರೈತನ ಒಲೆಯನ್ನು ಮಾತ್ರ ಎಣಿಸುವ ಲೆಕ್ಕ ನ್ಯಾಯವೆನಿಸದು.

ವರ್ತಕರ ಹೊಣೆ

ಇಲ್ಲಿ ವರ್ತಕರು ಮತ್ತು ಸಣ್ಣ ಉತ್ಪಾದಕರು ನೀಡಬಹುದಾದ ನೆರವು ಅಲ್ಪವೆಚ್ಚದ್ದು. ಸೌದೆ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಬರುತ್ತದೆ. ಒಂದು ಲೋಡಿನ ನಿಜವಾದ ತೂಕ ತಿಳಿಯಲು ವೇಬ್ರಿಡ್ಜ್ ಮಾಲೀಕರು ಒಂದೆರಡು ದಿನ ಉಚಿತವಾಗಿ ತೂಗಿಕೊಡಬಹುದು. ಅಕ್ಕಿ ಗಿರಣಿಗಳು ತಮ್ಮ ವಿದ್ಯುತ್ ಯೂನಿಟ್ ಹಾಗೂ ಡೀಸೆಲ್ ವಿವರಗಳನ್ನು ಒದಗಿಸಬಹುದು. ಪ್ರತಿ ಹೋಬಳಿಯಲ್ಲಿ ಒಬ್ಬ ಲೆಕ್ಕಿಗ ವರ್ಷಕ್ಕೆರಡು ಬಾರಿ ಶಾಲೆಯ ಪುಸ್ತಕವನ್ನು ಪರಿಶೀಲಿಸಿದರೆ ಅದಕ್ಕೆ ವಿಶ್ವಾಸಾರ್ಹತೆ ದೊರೆಯುತ್ತದೆ.

ಇದರಲ್ಲಿ ವರ್ತಕರ ಹಿತವೂ ಅಡಗಿದೆ. 2022-23ರಿಂದ ದೇಶದ ಅಗ್ರ 1,000 ನೋಂದಾಯಿತ ಕಂಪನಿಗಳು ಇಂಧನ ಬಳಕೆ, ಹೊರಸೂಸುವಿಕೆಗಳ ವಿವರವನ್ನು ಸೆಬಿ ನಿಯಮದಂತೆ ಪ್ರಕಟಿಸಬೇಕಾಗಿದೆ. ದೊಡ್ಡ ಖರೀದಿದಾರರಿಗೆ ಕೇಳಲಾಗುವ ಪ್ರಶ್ನೆ ಇಂದಲ್ಲ ನಾಳೆ ಸಣ್ಣ ಪೂರೈಕೆದಾರರ ಬಾಗಿಲಿಗೂ ಬರುತ್ತದೆ. ಅಂದು ಉತ್ತರಿಸಬಲ್ಲ ಕೈಗಳು ಇಂದು ಈ ಶಾಲೆಗಳಲ್ಲೇ ತರಬೇತಾಗಬೇಕು.

ಮುಂದಿನ ಮಕ್ಕಳ ಗ್ರಾಮಸಭೆಗೆ ಸೀಮೆಯ ಒಂದೊಂದು ಪ್ರೌಢಶಾಲೆಯೂ ಒಂದು ಪುಟದ ಲೆಕ್ಕಪತ್ರ ಹಾಗೂ ಒಂದೇ ಒಂದು ಬೇಡಿಕೆಯೊಂದಿಗೆ ಹಾಜರಾದರೆ ಆರಂಭಕ್ಕೆ ಸಾಕು. ಬೇಡಿಕೆ ಈಡೇರಿತೇ, ಇಲ್ಲದಿದ್ದರೆ ಕಾರಣವೇನು ಎಂಬುದನ್ನು ಮರುವರ್ಷದ ಸಭೆಯಲ್ಲಿ ಅದೇ ವಿದ್ಯಾರ್ಥಿಗಳು ಓದಿ ಹೇಳಬೇಕು. ಆ ದಿನ ಸಭೆಯ ಹಿಂದಿನ ಸಾಲಿನಲ್ಲಿ ಊರಿನ ನಾಲ್ಕು ಮಂದಿ ವರ್ತಕರು ಕುಳಿತಿದ್ದರೆ ಪಂಚಾಯಿತಿಯ ಉತ್ತರವೂ ಹೆಚ್ಚು ಗಂಭೀರವಾಗಿರುವುದರಲ್ಲಿ ಸಂಶಯವಿಲ್ಲ.